ಕೇಸಲ್ಲಿ ಏನೂ ಇಲ್ಲ ಅಂತ ವಕೀಲನೇ ಹೇಳಬಹುದಾ?

ಕ್ಯಾಲಿಫೋರ್ನಿಯಾದಲ್ಲಿ ಚಾರ್ಲಿ ಆಂಡರ್ಸ್ ಅಂತ ಒಬ್ಬ ಇದ್ದ. ಗಾಂಜಾ ಇಟ್ಟುಕೊಂಡಿದ್ದ ಅಂತ ಶಿಕ್ಷೆ ಆಯ್ತು. ಮೇಲಿನ ಕೋರ್ಟಿಗೆ ಹೋಗಬೇಕು, ಕೈಯಲ್ಲಿ ದುಡ್ಡಿಲ್ಲ. ಹಾಗಾಗಿ ಕೋರ್ಟೇ ಅವನಿಗೊಬ್ಬ ವಕೀಲನನ್ನು ಕೊಟ್ಟಿತು. ಆ ವಕೀಲ ಕೇಸಿನ ಕಾಗದಪತ್ರ ನೋಡಿದ, ಆಂಡರ್ಸ್‌ನನ್ನು ಕಂಡು ಮಾತಾಡಿದ. ಆಮೇಲೆ ಕೋರ್ಟಿಗೆ ಒಂದು ಪುಟ್ಟ ಪತ್ರ ಬರೆದ. ಸಾರಾಂಶ ಇಷ್ಟು: ಈ ಅಪೀಲಿನಲ್ಲಿ ಹುರುಳಿಲ್ಲ ಅನ್ನೋದು ನನ್ನ ಅಭಿಪ್ರಾಯ, ಹಾಗಾಗಿ ನಾನು ಏನೂ ಸಲ್ಲಿಸೋದಿಲ್ಲ, ಅವನಿಗೂ ಇದನ್ನು ತಿಳಿಸಿದ್ದೇನೆ, ಅವನೇ ಏನೋ ಬರೆದು ಕೊಡ್ತಾನಂತೆ.

ಆಂಡರ್ಸ್ ಬೇರೆ ವಕೀಲನನ್ನು ಕೊಡಿ ಅಂತ ಕೇಳಿದ. ಕೊಡಲಿಲ್ಲ. ಜೈಲಿಂದ ತಾನೇ ಬರೆದು ಕಳಿಸಿದ, ಸೋತ. ಇದೆಲ್ಲ ನಡೆದದ್ದು 1959ರ ಹೊತ್ತಿಗೆ. ಆರು ವರ್ಷ ಬಿಟ್ಟು, 1965ರಲ್ಲಿ, ಮತ್ತೆ ಅರ್ಜಿ ಹಾಕಿದ. ನನಗೆ ಅವತ್ತು ವಕೀಲ ಇದ್ದೂ ಇಲ್ಲದ ಹಾಗಾಯ್ತು ಅನ್ನೋದು ಅವನ ವಾದ. ಅದು ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಯ್ತು. 1967ರ ಮೇ ತಿಂಗಳಲ್ಲಿ ಆರು ಜನ ಜಡ್ಜ್‌ಗಳು ಅವನ ಮಾತು ಸರಿ ಅಂದರು, ಮೂರು ಜನ ತಪ್ಪು ಅಂದರು.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವಕೀಲ. ಅವನು ಸುಳ್ಳು ಹೇಳಲಿಲ್ಲ. ಸೋಮಾರಿ ಅನ್ನೋದಕ್ಕೂ ಆಗಲ್ಲ, ಕಕ್ಷಿದಾರನನ್ನು ಹೋಗಿ ನೋಡಿ ಬಂದಿದ್ದಾನೆ. ತನಗೆ ಅನ್ನಿಸಿದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದ. ನಾವು ಆಫೀಸಿನಲ್ಲಿ ಇಂಥವರನ್ನು ಹೊಗಳ್ತೀವಿ, ‘ನೇರವಾಗಿ ಹೇಳ್ತಾನೆ, ಯಾರ ಟೈಮೂ ವೇಸ್ಟ್ ಮಾಡಲ್ಲ’ ಅಂತ. ಹಾಗಾದ್ರೆ ಅವನು ಮಾಡಿದ ತಪ್ಪೇನು?

ನಾನು ವಕೀಲ ಅಲ್ಲ. ಬಿಇ ಮುಗಿಸಿ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದಕ್ಕೆ ಕಾರಣ ನಮ್ಮೂರು. ಹಾಸನದ ಕಡೆಯ ಊರು. ಅಲ್ಲಿ ವರಸೆಯಲ್ಲಿ ನನಗೆ ಅತ್ತೆ ಆಗಬೇಕಾದ ಒಬ್ಬರ ಗಂಡ, ಬದುವಿನ ಜಗಳದಲ್ಲಿ ಪಕ್ಕದ ಹೊಲದವನನ್ನು ಮಚ್ಚಿನಲ್ಲಿ ಹೊಡೆದ. ಆ ಮನುಷ್ಯ ಸತ್ತ. ಸೆಷನ್ಸ್ ಕೋರ್ಟಿನಲ್ಲಿ ಜೀವಾವಧಿ ಆಯ್ತು. ಹೊಡೆದಿಲ್ಲ ಅಂತ ಊರಲ್ಲಿ ಯಾರೂ ಅನ್ನಲ್ಲ, ಅತ್ತೆಯೂ ಅನ್ನಲ್ಲ. ಹಗಲು ಹೊತ್ತು, ಗದ್ದೆಯಲ್ಲಿ ಜನ ಇದ್ದರು. ಇದ್ದ ಜಮೀನು ಕೆಳಗಿನ ಕೋರ್ಟಿನ ಖರ್ಚಿಗೇ ಅರ್ಧ ಕರಗಿತ್ತು. ಹೈಕೋರ್ಟಿಗೆ ಉಚಿತ ವಕೀಲರನ್ನು ಕೊಟ್ಟರು.

ಅತ್ತೆ ಒಂದು ಸಲ ಬೆಂಗಳೂರಿಗೆ ಬಂದು ಆ ವಕೀಲರನ್ನು ನೋಡಿಕೊಂಡು, ಹಾಗೇ ನಮ್ಮನೆಗೆ ಬಂದರು. ಒಂದು ಪ್ಲಾಸ್ಟಿಕ್ ಕವರಿನಲ್ಲಿ ತೀರ್ಪಿನ ಪ್ರತಿ ಇತ್ತು, ಇಂಗ್ಲಿಷಿನಲ್ಲಿ. ‘ಏನಂದ್ರು ಅತ್ತೆ?’ ಅಂತ ಕೇಳಿದೆ.

‘ಏನೂ ಇಲ್ವಂತೆ ಕಣಪ್ಪ. ಇದ್ರಲ್ಲಿ ಏನೂ ಇಲ್ಲ ಕಣಮ್ಮ, ಸುಮ್ನೆ ಆಸೆ ಇಟ್ಕೋಬೇಡ ಅಂದ್ರು.’

ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು: ‘ಅವ್ರು ಇದ್ನ ಓದವ್ರಾ?’

ನನಗೆ ಉತ್ತರ ಗೊತ್ತಿರಲಿಲ್ಲ. ಅತ್ತೆ ಕೇಳಿದ್ದು ಗಂಡ ಬಿಡುಗಡೆ ಆಗ್ತಾನಾ ಅಂತ ಅಲ್ಲ, ಗಮನಿಸಿ. ‘ಇಲ್ಲ’ ಅನ್ನೋ ಮಾತನ್ನು ಕೇಳೋಕೆ ಅವರು ತಯಾರಿದ್ದರು. ಹೊಲ ಗೇಯ್ದವರಿಗೆ ಮಳೆ ಬರಲ್ಲ ಅನ್ನೋ ಮಾತು ಹೊಸದೇನಲ್ಲ. ಆದರೆ ಆ ‘ಇಲ್ಲ’ ಎಲ್ಲಿಂದ ಬಂತು ಅನ್ನೋದು ಅವರಿಗೆ ಬೇಕಾಗಿತ್ತು.

ಕೆಲವು ತಿಂಗಳ ಮೇಲೆ ಆ ವಕೀಲರು ಬದಲಾದರು, ಯಾಕೆ ಅಂತ ನಮಗೆ ಯಾರೂ ಹೇಳಲಿಲ್ಲ. ಎರಡನೆಯವರು ವಯಸ್ಸಿನಲ್ಲಿ ಚಿಕ್ಕವರು. ಅವರ ಹತ್ತಿರ ನಾನೂ ಹೋಗಿದ್ದೆ. ಸಾಕ್ಷಿಗಳ ಹೇಳಿಕೆ ಕನ್ನಡದಲ್ಲೇ ಇತ್ತು, ಅದರ ಮೇಲೆಲ್ಲ ಪೆನ್ಸಿಲ್ ಗುರುತು. ಅವರು ಹೇಳಿದ್ದೂ ಕೊನೆಗೆ ಅದೇ, ಕಷ್ಟ ಇದೆ ಅಂತ. ಆದರೆ ಹೇಳಿದ ರೀತಿ ಬೇರೆ. ‘ನೋಡಿ ಅಮ್ಮ, ಖುಲಾಸೆ ಆಗೋ ಕೇಸಲ್ಲ ಇದು. ಕೊಲೆ ಅನ್ನೋದನ್ನ ಕೊಲೆಯಲ್ಲದ ನರಹತ್ಯೆ ಅಂತ ಇಳಿಸ್ತಾರಾ ಅನ್ನೋದಷ್ಟೇ ಇರೋ ದಾರಿ. ಜಗಳದ ಬಿಸಿಯಲ್ಲಿ ಕೈಗೆ ಸಿಕ್ಕಿದ್ದರಲ್ಲಿ ಹೊಡೆದಿದ್ರೆ ಕೇಳಬಹುದಿತ್ತು. ಆದ್ರೆ ನಾಲ್ಕನೇ ಸಾಕ್ಷಿ ಹೇಳಿದ್ದಾರೆ, ಜಗಳ ಆದ ಮೇಲೆ ನಿಮ್ಮ ಯಜಮಾನ್ರು ಮನೆಗೆ ಹೋಗಿ ಮಚ್ಚು ತಗೊಂಡು ಬಂದ್ರು ಅಂತ. ಆ ಮಧ್ಯದ ಹೊತ್ತು ನಮಗೆ ಪೆಟ್ಟು ಕೊಡುತ್ತೆ. ಪಾಟಿ ಸವಾಲಿನಲ್ಲೂ ಅವರು ಅಲುಗಾಡಿಲ್ಲ. ಆದ್ರೂ ನಾನು ಅದನ್ನೇ ವಾದ ಮಾಡ್ತೀನಿ.’

ವಾದ ಮಾಡಿದರು. ಅಪೀಲು ವಜಾ ಆಯ್ತು. ಕಾರಣ ಅವರು ಹೇಳಿದ್ದೇ, ಆ ಮಧ್ಯದ ಹೊತ್ತು.

ಇಬ್ಬರು ವಕೀಲರ ಉತ್ತರವೂ ಒಂದೇ. ಫಲಿತಾಂಶವೂ ಒಂದೇ. ಮೊದಲನೆಯವರು ಕೇಸನ್ನು ಸರಿಯಾಗೇ ಅಂದಾಜು ಮಾಡಿದ್ದರು ಅಂತ ಬೇಕಾದರೆ ಹೇಳಬಹುದು. ಲೆಕ್ಕದ ಪ್ರಕಾರ ಎರಡನೆಯವರು ಪಟ್ಟ ಶ್ರಮವೆಲ್ಲ ದಂಡ. ಆದರೆ ಅವರಿಬ್ಬರೂ ಕೊಟ್ಟಿದ್ದು ಒಂದೇ ವಸ್ತುವಾ? ನನಗಂತೂ ಹಾಗೆ ಅನ್ನಿಸಲ್ಲ. ಯಾಕೆ ಅನ್ನಿಸಲ್ಲ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಆಂಡರ್ಸ್ ಕತೆ. ಅಮೆರಿಕದ ತೀರ್ಪುಗಳೆಲ್ಲ ನೆಟ್ಟಿನಲ್ಲಿ ಪುಕ್ಕಟೆ ಸಿಗ್ತವೆ, ರಾತ್ರಿ ಹೊತ್ತು ಓದೋಕೆ ಅಡ್ಡಿಯಿಲ್ಲ.

ಅಮೆರಿಕದಲ್ಲಿ ಬಡವನಿಗೆ ಸರ್ಕಾರಿ ಖರ್ಚಿನಲ್ಲಿ ವಕೀಲ ಅನ್ನೋದು ಗಟ್ಟಿಯಾಗಿದ್ದು 1963ರಲ್ಲಿ. ಫ್ಲಾರಿಡಾದ ಜೈಲಿಂದ ಕ್ಲಾರೆನ್ಸ್ ಗಿಡಿಯನ್ ಅನ್ನೋನು ಪೆನ್ಸಿಲ್‌ನಲ್ಲಿ ಬರೆದ ಅರ್ಜಿ ಆ ತೀರ್ಪಿಗೆ ಕಾರಣ. ಅವನಿಗೆ ಮತ್ತೆ ವಿಚಾರಣೆ ಸಿಕ್ಕಿತು, ಈ ಸಲ ವಕೀಲ ಇದ್ದ, ಖುಲಾಸೆಯಾದ. ಇದು ಎಲ್ಲರಿಗೂ ಇಷ್ಟವಾಗೋ ಕತೆ, ಸಿನಿಮಾನೂ ಆಗಿದೆ. ಅದೇ ದಿನ ಅದೇ ಕೋರ್ಟು ಡಗ್ಲಸ್ ಅನ್ನೋ ಇನ್ನೊಂದು ಕೇಸಿನಲ್ಲಿ, ಮೊದಲ ಅಪೀಲಿಗೂ ಬಡವನಿಗೆ ವಕೀಲನನ್ನು ಕೊಡಬೇಕು ಅಂದಿತು. ಅದರ ಬಗ್ಗೆ ಯಾರೂ ಸಿನಿಮಾ ಮಾಡಿಲ್ಲ. ಆದರೆ ತೊಡಕು ಶುರುವಾಗಿದ್ದು ಇಲ್ಲಿಂದಲೇ. ದುಡ್ಡು ಖರ್ಚಾಗಲ್ಲ ಅಂದರೆ ಯಾರು ತಾನೇ ಅಪೀಲು ಹಾಕಲ್ಲ? ಹಾಗೆ ಬಂದ ಅಪೀಲುಗಳಲ್ಲಿ ಎಷ್ಟೋ ಕೇಸುಗಳಲ್ಲಿ ಹೇಳೋಕೆ ಏನೂ ಇರಲ್ಲ. ಆಗ ಕೊಟ್ಟ ವಕೀಲ ಏನು ಮಾಡಬೇಕು?

ಆಂಡರ್ಸ್ ತೀರ್ಪು ಕೊಟ್ಟ ಉತ್ತರ ಹೀಗಿತ್ತು. ವಕೀಲ ಪೂರ್ತಿ ದಾಖಲೆ ಓದಬೇಕು. ಆಮೇಲೂ ಏನೇನೂ ಇಲ್ಲ ಅನ್ನಿಸಿದರೆ, ನನ್ನನ್ನು ಬಿಡುಗಡೆ ಮಾಡಿ ಅಂತ ಕೋರ್ಟನ್ನು ಕೇಳಬಹುದು. ಆದರೆ ಬರಿಗೈಯಲ್ಲಿ ಕೇಳೋ ಹಾಗಿಲ್ಲ. ದಾಖಲೆಯಲ್ಲಿ ಅಪೀಲಿನ ಪರವಾಗಿ ಏನಾದರೂ ವಾದಕ್ಕೆ ಎಳೆಯಬಹುದಾದ ಅಂಶ ಇದ್ದರೆ ಅದನ್ನೆಲ್ಲ ಬರೆದು ಜೊತೆಗಿಡಬೇಕು. ಅದರ ಪ್ರತಿ ಕಕ್ಷಿದಾರನಿಗೆ ಕೊಡಬೇಕು, ಅವನಿಗೆ ಹೇಳೋದಿದ್ದರೆ ಹೇಳಲು ಸಮಯ ಕೊಡಬೇಕು. ಆಮೇಲೆ ಕೋರ್ಟು, ವಕೀಲನ ಮಾತಿನ ಮೇಲೆ ಹೋಗದೆ, ತಾನೇ ಪೂರ್ತಿ ದಾಖಲೆ ನೋಡಬೇಕು. ಏನಾದರೂ ಇದೆ ಅನ್ನಿಸಿದರೆ ಅದನ್ನು ವಾದಿಸೋಕೆ ವಕೀಲನನ್ನು ಕೊಡಬೇಕು.

ಒಪ್ಪದ ಮೂವರ ಪರವಾಗಿ ಬರೆದ ಜಸ್ಟಿಸ್ ಸ್ಟೂವರ್ಟ್ ಎತ್ತಿದ ಪ್ರಶ್ನೆ ನನಗೆ, ಎಂಜಿನಿಯರ್ ತಲೆಗೆ, ತಕ್ಷಣ ಹಿಡಿಸಿತು. ವಾದಕ್ಕೆ ಎಳೆಯಬಹುದಾದ ಅಂಶ ಒಂದಾದರೂ ಇದ್ದರೆ ಆ ಅಪೀಲು ಪೂರ್ತಿ ಟೊಳ್ಳು ಹೇಗಾಗುತ್ತೆ? ಪೂರ್ತಿ ಟೊಳ್ಳಾಗಿದ್ದರೆ ಪಟ್ಟಿಯಲ್ಲಿ ಬರೆಯೋದೇನನ್ನು? ನಿಯಮ ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಹಾಗಿದೆ. ತರ್ಕಕ್ಕೆ ಇದಕ್ಕಿಂತ ಒಳ್ಳೆ ಪೆಟ್ಟು ಇಲ್ಲ.

ಆದರೂ ತರ್ಕ ಗೆದ್ದ ಕಡೆ ನ್ಯಾಯ ಇದೆ ಅಂತೇನಿಲ್ಲ. ನಮ್ಮ ಟೀಮಿನಲ್ಲಿ ಒಂದು ಪದ್ಧತಿ ಇದೆ. ಯಾರೋ ಒಂದು ದೂರು ದಾಖಲಿಸಿರ್ತಾರೆ, ಆಪ್ ಇಂಥ ಕಡೆ ಕೈಕೊಡ್ತಿದೆ ಅಂತ. ನೋಡ್ತೀವಿ, ಏನೂ ತೊಂದರೆ ಕಾಣಲ್ಲ. ಆಗ ‘ತೊಂದರೆ ಇಲ್ಲ’ ಅಂತ ಮುಚ್ಚಿಬಿಡಬಹುದು, ಮೊದಲು ಹಾಗೇ ಮಾಡ್ತಿದ್ರು. ಈಗ ಹಾಗೆ ಮಾಡೋ ಹಾಗಿಲ್ಲ. ಯಾವ ಫೋನಿನಲ್ಲಿ ನೋಡಿದಿರಿ, ಯಾವ ಲಾಗ್ ತೆಗೆದಿರಿ, ಏನು ಸಿಗಬಹುದು ಅಂತ ಹುಡುಕಿದಿರಿ, ಇಷ್ಟನ್ನೂ ಬರೆದೇ ಮುಚ್ಚಬೇಕು. ಇದರಿಂದ ಉತ್ತರ ಬದಲಾಗೋದು ಅಪರೂಪ. ಆದರೆ ಬರೆಯಬೇಕು ಅಂತ ಗೊತ್ತಿದ್ದವನು ನೋಡೇ ನೋಡ್ತಾನೆ. ಪಟ್ಟಿ ಖಾಲಿ ಬಂದರೂ ಪಟ್ಟಿ ಮಾಡು ಅಂತ ಹೇಳೋದರಲ್ಲಿ ಇರೋ ಬುದ್ಧಿ ಇಷ್ಟೇ. ಸ್ಟೂವರ್ಟ್ ಅವರ ಪ್ರಶ್ನೆ ಸರಿ, ಆದರೆ ಆ ನಿಯಮ ಪಟ್ಟಿಗೋಸ್ಕರ ಅಲ್ಲ, ಓದಿಸೋದಕ್ಕೋಸ್ಕರ.

ಓದಿಸದೇ ಹೋದರೆ ಏನಾಗುತ್ತೆ ಅಂತ 1988ರ ಪೆನ್ಸನ್ ಕೇಸಿನಲ್ಲಿ ಕಾಣುತ್ತೆ. ಒಹಾಯೋ ರಾಜ್ಯದ್ದು. ಕೊಟ್ಟ ವಕೀಲ, ಅಪೀಲಿನಲ್ಲಿ ಹುರುಳಿಲ್ಲ ಅಂತ ಸರ್ಟಿಫಿಕೇಟ್ ಥರ ಒಂದು ಕಾಗದ ಕೊಟ್ಟು ಕೈ ತೊಳೆದುಕೊಂಡ. ಕೋರ್ಟು ಅವನನ್ನು ಬಿಟ್ಟೂಬಿಟ್ಟಿತು. ಆಮೇಲೆ ಅದೇ ಕೋರ್ಟು ದಾಖಲೆ ತೆರೆದು ನೋಡಿದರೆ ವಾದ ಮಾಡಬಹುದಾದ ಅಂಶಗಳು ಹಲವು ಸಿಕ್ಕವು. ಒಂದು ಆರೋಪದ ಮೇಲಿನ ಶಿಕ್ಷೆಯನ್ನಂತೂ ರದ್ದೇ ಮಾಡಬೇಕಾಯ್ತು. ಅಷ್ಟಾದರೂ ಉಳಿದ ಅಂಶಗಳಿಗೆ ಹೊಸ ವಕೀಲನನ್ನು ಕೊಡಲಿಲ್ಲ, ನಾವೇ ನೋಡಿದ್ವಲ್ಲ ಅಂತ ಮಿಕ್ಕ ಶಿಕ್ಷೆ ಉಳಿಸಿತು. ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಏನೂ ಇಲ್ಲ ಅಂತ ವಕೀಲ ಬರೆದುಕೊಟ್ಟ ಕಡತದಲ್ಲಿ ಇದ್ದಿದ್ದು ಇಷ್ಟು!

ಆಂಡರ್ಸ್‌ನ ಕೇಸಿನಲ್ಲೂ ಒಂದು ವಿಷಯ ಇತ್ತು. ಅವನು ಸಾಕ್ಷಿ ಕಟ್ಟೆ ಹತ್ತಿರಲಿಲ್ಲ. ಮಾತಾಡದೇ ಇದ್ದಿದ್ದರ ಬಗ್ಗೆ ಸರ್ಕಾರಿ ವಕೀಲರೂ ಜಡ್ಜೂ ಟೀಕೆ ಮಾಡಿದ್ದರು ಅಂತ ಅವನು 1965ರ ಸುತ್ತಿನಲ್ಲಿ ಹೇಳಿದ. ಹಾಗೆ ಟೀಕೆ ಮಾಡೋದು ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1965ರಲ್ಲೇ. ಅಂದರೆ ಅವನ ವಕೀಲ ಪತ್ರ ಬರೆದಾಗ ಅದು ‘ಏನೂ ಇಲ್ಲ’ದ ಪಟ್ಟಿಯಲ್ಲೇ ಇತ್ತು. ಹುರುಳು ಅನ್ನೋದು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಯಾರೋ ಒಬ್ಬ ವಕೀಲ, ಸೋಲ್ತೀನಿ ಅಂತ ಗೊತ್ತಿದ್ದೂ, ಹಳೇ ನಿಯಮ ತಪ್ಪು ಅಂತ ವಾದ ಮಾಡಿದ್ದಕ್ಕೇ ಅದು ಬದಲಾಗಿರುತ್ತೆ.

ಇಷ್ಟಾದರೂ ಆಂಡರ್ಸ್ ನಿಯಮದಲ್ಲಿ ನನಗೆ ಒಂದು ಮುಳ್ಳು ಚುಚ್ಚುತ್ತಲೇ ಇದೆ. ಪಟ್ಟಿ ಮಾಡಿ, ಓದಿ, ಎಲ್ಲ ಸರಿ. ಕೊನೆಗೆ ಕೋರ್ಟಿನ ಎದುರು ‘ನನ್ನ ಕಕ್ಷಿದಾರನ ಕೇಸಲ್ಲಿ ಹುರುಳಿಲ್ಲ’ ಅಂತ ಹೇಳೋನು ಅವನ ಪರ ನಿಂತ ವಕೀಲನೇ. ನಮ್ಮೂರ ಅರಳಿಕಟ್ಟೆಯಲ್ಲಿ ನ್ಯಾಯ ಸೇರಿದಾಗ ತೆಂಗಿನಕಾಯಿ ಕದ್ದು ಸಿಕ್ಕಿಬಿದ್ದವನ ಪರವಾಗಿಯೂ ಅವನ ಕಡೆಯ ಒಬ್ಬ ಹಿರಿಯ ಎದ್ದು ನಿಲ್ತಿದ್ದರು. ಕದ್ದಿಲ್ಲ ಅಂತ ಅವರು ಹೇಳ್ತಿರಲಿಲ್ಲ. ಮನೇಲಿ ಕಷ್ಟ ಇದೆ, ದಂಡ ಕಮ್ಮಿ ಮಾಡಿ, ಇದೇ ಮೊದಲನೇ ಸಲ, ಇಷ್ಟು ಹೇಳಿ ಕೂರ್ತಿದ್ದರು. ‘ಇವನು ಕಳ್ಳನೇ, ನನಗೆ ಹೇಳೋಕೆ ಏನೂ ಇಲ್ಲ’ ಅಂತ ಎದ್ದು ನಿಂತು ಹೇಳಿದ ಹಿರಿಯರನ್ನು ನಾನು ನೋಡಿಲ್ಲ. ಹಾಗನ್ನಿಸಿದವರು ಬರ್ತಾನೇ ಇರಲಿಲ್ಲ ಅನ್ನಿ.

ದುಡ್ಡಿದ್ದವನ ವಕೀಲನನ್ನು ನೆನೆಸಿಕೊಳ್ಳಿ. ಕೇಸು ಟೊಳ್ಳು ಅಂತ ಅವನಿಗೂ ಗೊತ್ತು. ಅವನು ಜಡ್ಜಿಗೆ ಪತ್ರ ಬರೀತಾನಾ? ಒಂದೋ ಫೀಸು ತಗೊಂಡು ಇರೋ ವಾದ ಮಾಡ್ತಾನೆ, ಇಲ್ಲ ಅಂದ್ರೆ ಕಕ್ಷಿದಾರನನ್ನು ಪಕ್ಕಕ್ಕೆ ಕರೆದು ‘ಬೇರೆ ಯಾರನ್ನಾದರೂ ನೋಡ್ಕೊಳ್ಳಿ’ ಅಂತಾನೆ. ಎರಡರಲ್ಲೂ ಜಡ್ಜಿನ ಕಿವಿಗೆ ವಕೀಲನ ಮನಸ್ಸಿನ ಮಾತು ಬೀಳಲ್ಲ. ಟೊಳ್ಳು ವಾದ ಮಾಡಬಾರದು ಅನ್ನೋ ನಿಯಮ ಇಬ್ಬರಿಗೂ ಒಂದೇ ಅಂತ ಅಮೆರಿಕದ ಸುಪ್ರೀಂ ಕೋರ್ಟು 1988ರ ಮಕಾಯ್ ಕೇಸಿನಲ್ಲಿ ಹೇಳಿತು. ಕಾಗದದ ಮೇಲೆ ನಿಜ. ಆದರೆ ಉಚಿತ ವಕೀಲ ಹೊರಗೆ ಹೋಗಬೇಕಾದರೆ ಕೋರ್ಟಿನ ಬಾಗಿಲಿಂದಲೇ ಹೋಗಬೇಕು, ಯಾಕೆ ಅಂತ ಹೇಳಿ ಹೋಗಬೇಕು. ಬಡವನಿಗೆ ಮಾತ್ರ ಅವನ ವಕೀಲನ ಅಭಿಪ್ರಾಯ ಬಹಿರಂಗ. ವಿಸ್ಕಾನ್ಸಿನ್ ರಾಜ್ಯ ಇನ್ನೂ ಮುಂದೆ ಹೋಗಿತ್ತು, ಪ್ರತಿ ಅಂಶದಲ್ಲೂ ಯಾಕೆ ಹುರುಳಿಲ್ಲ ಅಂತ ವಕೀಲನೇ ವಿವರಿಸಬೇಕು ಅನ್ನೋ ನಿಯಮ. ಮಕಾಯ್ ತೀರ್ಪು ಅದನ್ನೂ ಎತ್ತಿಹಿಡಿಯಿತು. ಸರ್ಕಾರಿ ವಕೀಲರ ಕೆಲಸವನ್ನು ಇವನ ಕೈಲೇ ಮಾಡಿಸಿದ ಹಾಗಲ್ವಾ ಇದು?

ಬೇರೆ ರಾಜ್ಯಗಳು ಬೇರೆ ದಾರಿ ಹಿಡಿದವು. ಕ್ಯಾಲಿಫೋರ್ನಿಯಾನೇ 1979ರಲ್ಲಿ ವೆಂಡೆ ಅನ್ನೋ ಕೇಸಿನಲ್ಲಿ ತನ್ನದೊಂದು ಪದ್ಧತಿ ಮಾಡಿಕೊಂಡಿತು. ವಕೀಲ ಕೇಸಿನ ಸಾರಾಂಶ ಬರೆದುಕೊಡ್ತಾನೆ. ಹುರುಳಿದೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. ದಯವಿಟ್ಟು ನೀವೇ ದಾಖಲೆ ನೋಡಿ ಅಂತ ಕೋರ್ಟನ್ನು ಕೇಳ್ತಾನೆ, ಬೇಕಾದರೆ ಕರೀರಿ ಬರ್ತೀನಿ ಅಂತಾನೆ. 2000ದಲ್ಲಿ ಸುಪ್ರೀಂ ಕೋರ್ಟು ಐದು ನಾಲ್ಕರಲ್ಲಿ ಇದೂ ನಡೆಯುತ್ತೆ, ಆಂಡರ್ಸ್ ದಾರಿ ಒಂದೇ ದಾರಿಯಲ್ಲ ಅಂದಿತು. ಬಾಯಿ ಮುಚ್ಚಿಕೊಂಡಿರೋದೇ ಸಂಕೇತ ಅನ್ನೋದು ಜಡ್ಜಿಗೆ ಗೊತ್ತಾಗದೇ ಇರುತ್ತಾ, ಅದು ಬೇರೆ ಮಾತು. ಐಡಾಹೋ ಮತ್ತು ಮ್ಯಾಸಚೂಸೆಟ್ಸ್ ಇನ್ನೂ ಸರಳ: ಹುರುಳಿಲ್ಲ ಅನ್ನೋ ಒಂದೇ ಕಾರಣಕ್ಕೆ ವಕೀಲ ಕೈಬಿಡೋ ಹಾಗಿಲ್ಲ. ಇರೋದನ್ನೇ ಒಪ್ಪವಾಗಿ ಹೇಳು. ಮ್ಯಾಸಚೂಸೆಟ್ಸ್‌ನಲ್ಲಿ ವಕೀಲನ ಆತ್ಮಸಾಕ್ಷಿ ತೀರಾ ಒಪ್ಪದೇ ಹೋದರೆ, ಈ ಅಂಶಗಳು ಕಕ್ಷಿದಾರನವು, ನನ್ನವಲ್ಲ ಅಂತ ಮುನ್ನುಡಿಯಲ್ಲಿ ಒಂದು ಮಾತು ಬರೆಯೋ ಅವಕಾಶ ಇದೆ.

ನನ್ನ ಓಟು ಈ ಕೊನೆಯದಕ್ಕೆ. ಮುನ್ನುಡಿ ಬಿಟ್ಟು.

ಇದಕ್ಕೆ ಎದುರು ವಾದ ಇದೆ, ಹಗುರವಾದದ್ದೂ ಅಲ್ಲ. ನನ್ನ ಸಹೋದ್ಯೋಗಿಯೊಬ್ಬ ಊಟದ ಹೊತ್ತಲ್ಲಿ ಹೇಳಿದ್ದು: ‘ಒಬ್ಬ ಉಚಿತ ವಕೀಲನ ಹತ್ರ ನೂರು ಫೈಲ್ ಇದೆ ಅಂತ ಇಟ್ಕೋ. ಅದರಲ್ಲಿ ಹತ್ತರಲ್ಲಿ ನಿಜವಾಗಿ ಅನ್ಯಾಯ ಆಗಿದೆ. ಟೊಳ್ಳು ತೊಂಬತ್ತಕ್ಕೂ ಸಮ ಸಮಯ ಕೊಟ್ಟರೆ ಆ ಹತ್ತು ಜನಕ್ಕೆ ನೀನು ಮೋಸ ಮಾಡ್ತಿದ್ದೀಯ. ಮಚ್ಚು ತಂದೋನಿಗೆ ಕೊಟ್ಟ ದಿನ, ಏನೂ ಮಾಡದೇ ಒಳಗಿರೋನಿಂದ ಕಿತ್ಕೊಂಡ ದಿನ.’ ಇದು ನಿಜವಾದ ಇಕ್ಕಟ್ಟು. ಆಸ್ಪತ್ರೆಯಲ್ಲಿ ಗಾಯಾಳುಗಳು ಒಟ್ಟಿಗೆ ಬಂದಾಗ ಡಾಕ್ಟ್ರು ಆರಿಸ್ತಾರೆ, ಯಾರೂ ಅದನ್ನು ಕ್ರೌರ್ಯ ಅನ್ನಲ್ಲ. ಇಲ್ಲೂ ವಾದಕ್ಕೆ ಕೊಡೋ ಸಮಯದಲ್ಲಿ ಹೆಚ್ಚು ಕಮ್ಮಿ ಇರಲಿ, ನಾನು ಒಪ್ತೀನಿ. ಎರಡು ಪುಟದ ವಾದಕ್ಕೆ ಇಪ್ಪತ್ತು ಪುಟ ಬೇಡ. ಆದರೆ ಓದೋದರಲ್ಲಿ ಹೆಚ್ಚು ಕಮ್ಮಿ ಮಾಡೋ ಹಾಗಿಲ್ಲ, ಯಾಕಂದ್ರೆ ಆ ಹತ್ತು ಯಾವುದು ಅಂತ ಗೊತ್ತಾಗೋದೇ ನೂರನ್ನೂ ಓದಿದ ಮೇಲೆ. ಮುಟ್ಟಿ ನೋಡದೆ ಗಾಯಾಳುವನ್ನು ಪಕ್ಕಕ್ಕೆ ಸರಿಸಿದರೆ ಅದಕ್ಕೆ ಆರಿಸೋದು ಅನ್ನಲ್ಲ.

ಇನ್ನೊಂದು ಆಕ್ಷೇಪ ಸುಳ್ಳಿನದ್ದು. ನಂಬದ ವಾದವನ್ನು ಕೋರ್ಟಿನಲ್ಲಿ ಹೇಳೋದು ಅಪ್ರಾಮಾಣಿಕತೆ ಅಲ್ವಾ ಅಂತ. ದಾಖಲೆಯಲ್ಲಿ ಇಲ್ಲದ್ದನ್ನು ಇದೆ ಅಂದರೆ ಸುಳ್ಳು. ಇರೋದನ್ನು ಕಕ್ಷಿದಾರನ ಕಡೆಯಿಂದ ನೋಡಿ ಅಂತ ಕೇಳಿಕೊಳ್ಳೋದು ಸುಳ್ಳಲ್ಲ. ವಕೀಲ ‘ನಾನು ನಂಬ್ತೀನಿ’ ಅಂತ ಎಲ್ಲೂ ಪ್ರಮಾಣ ಮಾಡಿರಲ್ಲ. ನಮ್ಮ ಬಾರ್ ಕೌನ್ಸಿಲ್ ನಿಯಮಗಳಲ್ಲೂ, ಆರೋಪಿ ತಪ್ಪಿತಸ್ಥ ಅಂತ ತನಗೆ ಅನ್ನಿಸಿದರೂ ವಕೀಲ ಅವನ ಪರ ನಿಲ್ಲಬೇಕು ಅಂತಿದೆ. ಪ್ರಾಮಾಣಿಕತೆ ಬೇಕು, ಆದರೆ ಅದು ಸಲ್ಲಬೇಕಾದ್ದು ಮೊದಲು ಕಕ್ಷಿದಾರನಿಗೆ. ಆ ಎರಡನೇ ವಕೀಲರು ಅತ್ತೆಗೆ ನಾಲ್ಕನೇ ಸಾಕ್ಷಿಯ ಮಾತನ್ನು ಬಿಡಿಸಿ ಹೇಳಿದ್ರಲ್ಲ, ಅದು. ಜಡ್ಜಿಗೆ ಅದನ್ನು ಹೇಳೋಕೆ ಸರ್ಕಾರಿ ವಕೀಲರು ಇದ್ದಾರೆ.

ನಮ್ಮ ದೇಶದಲ್ಲಿ ಇದು ಹೇಗಿದೆ? ಇಲ್ಲಿ ಒಂದು ವಿಚಿತ್ರ. ಆಂಡರ್ಸ್ ತೀರ್ಪಿನ ತಿರುಳೇ, ಕೊಟ್ಟ ವಕೀಲ ಕಕ್ಷಿದಾರನ ಪರ ಹೋರಾಡೋನಾಗಿರಬೇಕು, ಅಮಿಕಸ್ ಕ್ಯೂರಿ ಆಗಿಬಿಡಬಾರದು ಅಂತ. ಅಮಿಕಸ್ ಕ್ಯೂರಿ ಅಂದರೆ ಲ್ಯಾಟಿನ್‌ನಲ್ಲಿ ಕೋರ್ಟಿನ ಗೆಳೆಯ. ನಾವು ವಕೀಲರಿಲ್ಲದ ಆರೋಪಿಗೆ ಕೋರ್ಟು ಕೊಡೋ ವಕೀಲರನ್ನು ಎಷ್ಟೋ ಸಲ ಕರೆಯೋದೇ ಅಮಿಕಸ್ ಕ್ಯೂರಿ ಅಂತ! ಹೆಸರಿನಲ್ಲೇನಿದೆ ಅನ್ನಬಹುದು. ಜೈಲಲ್ಲಿ ಕೂತವನಿಗೆ ನಿನ್ನ ವಕೀಲರು ಯಾರು ಅಂದರೆ ಕೋರ್ಟಿನ ಗೆಳೆಯ ಅಂತ ಹೇಳೋದರಲ್ಲಿ ಏನೋ ಇದೆ ಅಂತಲೇ ನನಗನ್ನಿಸುತ್ತೆ.

ನಮ್ಮಲ್ಲಿ ಅಪೀಲಿಗೆ ಉಚಿತ ವಕೀಲ ಅನ್ನೋ ಹಕ್ಕು ಬೇರೂರಿದ್ದು ಒಂದು ಸೋತ ಕೇಸಿನಲ್ಲಿ, ಅದೂ ನಮ್ಮ ಧಾರವಾಡದ ನಂಟಿರೋ ಕೇಸು. 1978ರ ಹೊಸ್ಕೋಟ್ ವರ್ಸಸ್ ಮಹಾರಾಷ್ಟ್ರ. ಕರ್ನಾಟಕ ವಿಶ್ವವಿದ್ಯಾಲಯದ ಹೆಸರಲ್ಲಿ ನಕಲಿ ಪದವಿ ಪತ್ರ ಮಾಡೋಕೆ ಮುದ್ರೆ ಮಾಡಿಸಲು ಹೋದ ಅನ್ನೋ ಆರೋಪ. ಕೆಳಗಿನ ಕೋರ್ಟು ಹೆಸರಿಗೆ ಮಾತ್ರ ಶಿಕ್ಷೆ ಕೊಟ್ಟಿತ್ತು, ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು. ಅವನು ಸುಪ್ರೀಂ ಕೋರ್ಟಿಗೆ ಬಂದಿದ್ದು ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿ, ತೀರ್ಪಿನ ಪ್ರತಿಯೇ ಕೈಗೆ ಸಿಕ್ಕಿರಲಿಲ್ಲ ಅನ್ನೋದು ಅವನ ದೂರು. ಅರ್ಜಿಯಲ್ಲಿ ಹುರುಳು ಕಾಣದೆ ಕೋರ್ಟು ವಜಾ ಮಾಡಿತು. ಆದರೆ ವಜಾ ಮಾಡ್ತಾ ಜಸ್ಟಿಸ್ ಕೃಷ್ಣ ಅಯ್ಯರ್ ಎರಡು ಮಾತು ಹೇಳಿದರು: ಕೈದಿಗೆ ತೀರ್ಪಿನ ಪ್ರತಿಯನ್ನು ಪುಕ್ಕಟೆ ಕೊಡಬೇಕು, ಅಪೀಲಿಗೆ ವಕೀಲ ಇಲ್ಲದಿದ್ದರೆ ಸರ್ಕಾರ ಕೊಡಬೇಕು. ಅತ್ತೆಯ ಪ್ಲಾಸ್ಟಿಕ್ ಕವರಿನಲ್ಲಿ ಆ ಪ್ರತಿ ಇದ್ದಿದ್ದು, ಹೈಕೋರ್ಟಿನಲ್ಲಿ ವಕೀಲರು ಸಿಕ್ಕಿದ್ದು, ಎಲ್ಲ ಇಂಥ ಸೋಲುಗಳ ಪುಣ್ಯ.

2012ರ ಕಸಬ್ ತೀರ್ಪೂ ಹೀಗೇ. ಸೋಲೋ ಅಪೀಲು ಅಂತ ಇಡೀ ದೇಶಕ್ಕೇ ಗೊತ್ತಿತ್ತು. ಸುಪ್ರೀಂ ಕೋರ್ಟು ಹಿರಿಯ ವಕೀಲ ರಾಜು ರಾಮಚಂದ್ರನ್ ಅವರನ್ನು ನೇಮಿಸಿತು. ಶುರುವಿನಲ್ಲೇ ಆರೋಪಿಗೆ ವಕೀಲ ಇರಲಿಲ್ಲ ಅನ್ನೋದು ಅವರ ಒಂದು ವಾದ. ಕೋರ್ಟು ಅದನ್ನು ಆ ಕೇಸಿಗೆ ಒಪ್ಪಲಿಲ್ಲ, ಗಲ್ಲು ಕಾಯಂ ಆಯ್ತು. ಆದರೆ ಆ ವಾದದ ನೆಪದಲ್ಲಿ, ಬಂಧಿಸಿ ತಂದ ಯಾರಿಗೇ ಆಗಲಿ, ನಿನಗೆ ಉಚಿತ ವಕೀಲರನ್ನು ಪಡೆಯೋ ಹಕ್ಕಿದೆ ಅಂತ ಮ್ಯಾಜಿಸ್ಟ್ರೇಟ್ ಮೊದಲ ಸಲ ಹಾಜರುಪಡಿಸಿದಾಗಲೇ ಹೇಳಬೇಕು, ಅದು ಅವರ ಕರ್ತವ್ಯ ಅಂತ ಬರೆಯಿತು.

ಅಮೆರಿಕದ ಹಾಗೆ ವಕೀಲ ಪತ್ರ ಬರೆದು ಕೈಬಿಡೋ ಪದ್ಧತಿ ನಮ್ಮಲ್ಲಿ ನಿಯಮವಾಗಿ ಬೆಳೆದಿಲ್ಲ. ಹುರುಳಿನ ಪ್ರಶ್ನೆ ನಮ್ಮಲ್ಲಿ ಬೇರೆ ಬಾಗಿಲಿಂದ ಬರುತ್ತೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ, ಜೈಲಿನಲ್ಲಿರೋರಿಗೆ ಉಚಿತ ನೆರವಿನ ಹಕ್ಕು ಕೊಡುತ್ತೆ. ಮುಂದಿನ ಕಲಮ್ಮೇ, ಮೇಲ್ನೋಟಕ್ಕೆ ಕೇಸು ಇದೆ ಅಂತ ಪ್ರಾಧಿಕಾರಕ್ಕೆ ಅನ್ನಿಸಬೇಕು ಅನ್ನುತ್ತೆ. ಜೈಲಿಂದ ಬರೋ ಅಪೀಲುಗಳನ್ನು ಆರಂಭದಲ್ಲೇ ವಜಾ ಮಾಡೋ ಅಧಿಕಾರ ಕೋರ್ಟಿಗೂ ಇದೆ. ಆದರೆ ಒಮ್ಮೆ ವಿಚಾರಣೆಗೆ ತಗೊಂಡ ಮೇಲೆ ವಕೀಲ ಬಂದಿಲ್ಲ ಅಂತ ಅಪೀಲನ್ನು ಎತ್ತಿ ಎಸೆಯೋ ಹಾಗಿಲ್ಲ, ದಾಖಲೆ ಓದಿ ಗುಣದೋಷದ ಮೇಲೇ ತೀರ್ಮಾನಿಸಬೇಕು ಅಂತ ಸುಪ್ರೀಂ ಕೋರ್ಟು 1996ರ ಬಾನಿ ಸಿಂಗ್ ಕೇಸಿನಲ್ಲಿ ಹೇಳಿತು. ನಮ್ಮ ರಾಜ್ಯದಿಂದಲೇ ಹೋದ ಪಾಂಡುರಂಗ ವರ್ಸಸ್ ಕರ್ನಾಟಕ ಕೇಸಿನಲ್ಲಿ, 2013ರಲ್ಲಿ, ಅದನ್ನೇ ಎತ್ತಿಹಿಡಿಯಿತು. ಓದೋ ಜವಾಬ್ದಾರಿಯನ್ನು ಜಡ್ಜಿನ ಮೇಲೆ ಹಾಕಿದ್ದು ಒಳ್ಳೆಯದೇ. ಆದರೆ ಅದರ ಇನ್ನೊಂದು ಅರ್ಥ, ವಕೀಲರೇ ಇಲ್ಲದೆ ಅಪೀಲು ಮುಗಿದರೂ ನಡೆಯುತ್ತೆ ಅಂತ. ಪಾಂಡುರಂಗ ಕೇಸಿನಲ್ಲಿ ಆಗಿದ್ದೂ ಅದೇ.

ನಮ್ಮಲ್ಲಿ ‘ಏನೂ ಇಲ್ಲ’ ಅಂತ ಯಾರೂ ಬರೆದುಕೊಡಲ್ಲ. ಅದು ನಡೆಯೋದು ಸದ್ದಿಲ್ಲದೆ. ಫೈಲ್ ಇವತ್ತು ಕೈಗೆ ಬಂತು, ನಾಳೆ ವಾದ. ಮಧ್ಯಪ್ರದೇಶದ ಅನೋಖಿಲಾಲ್ ಕೇಸು ಓದಿದರೆ ಹೊಟ್ಟೆ ತೊಳಸುತ್ತೆ. 2013ರಲ್ಲಿ ವಕೀಲರನ್ನು ನೇಮಿಸಿದ ದಿನವೇ ಆರೋಪ ಹೊರಿಸಿದರು, ಎರಡು ವಾರದೊಳಗೆ ವಿಚಾರಣೆ ಮುಗಿದು ಮರಣದಂಡನೆ ಬಂತು. ಪುಟ್ಟ ಮಗುವಿನ ಮೇಲಿನ ಘೋರ ಅಪರಾಧ, ಆ ಆರೋಪಿಯ ಕೇಸಲ್ಲಿ ಏನಾದರೂ ಇದೆ ಅಂತ ಯಾರಿಗೂ ಅನ್ನಿಸಿರಲಿಕ್ಕಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿ ಮತ್ತೆ ವಿಚಾರಣೆ ಮಾಡಿ ಅಂದಿತು. ಜೀವಾವಧಿ ಅಥವಾ ಗಲ್ಲಿನ ಸಾಧ್ಯತೆ ಇರೋ ಕೇಸಿಗೆ ಕೊಡೋ ವಕೀಲರಿಗೆ ಕನಿಷ್ಠ 10 ವರ್ಷದ ಅನುಭವ ಇರಬೇಕು, ತಯಾರಿಗೆ ಸಾಮಾನ್ಯವಾಗಿ 7 ದಿನವಾದರೂ ಕೊಡಬೇಕು ಅಂತ ನಿಯಮ ಮಾಡಿತು. 2024ರಲ್ಲಿ ಆ ಮನುಷ್ಯ ಖುಲಾಸೆಯಾದ.

ಏಳು ದಿನ. ಅಷ್ಟು ಸಣ್ಣ ಮಾತನ್ನು ಹೇಳಿಸೋಕೆ ಒಂದು ಮರಣದಂಡನೆ ಬೇಕಾಯ್ತು.

ಆಂಡರ್ಸ್ ನಿಯಮದಲ್ಲಿ ನಮಗೆ ಬೇಕಾದ್ದು ವಕೀಲ ಕೈಬಿಡೋ ಭಾಗ ಅಲ್ಲ, ಕಕ್ಷಿದಾರನಿಗೆ ಒಂದು ಪ್ರತಿ ಕೊಡಬೇಕು ಅನ್ನೋ ಭಾಗ. ಅದನ್ನು ಕೋರ್ಟಿಗೆ ತೋರಿಸೋದೇ ಬೇಡ. ಉಚಿತ ವಕೀಲರು ಅಪೀಲಿನ ದಾಖಲೆ ಓದಿದ ಮೇಲೆ, ಜೈಲಿನಲ್ಲಿರೋನಿಗೆ ಕನ್ನಡದಲ್ಲಿ ಒಂದು ಹಾಳೆ. ಇಂಥಿಂಥ ಸಾಕ್ಷಿಗಳ ಹೇಳಿಕೆ ಓದಿದೆ, ಮಹಜರು ನೋಡಿದೆ, ಡಾಕ್ಟರ ವರದಿ ನೋಡಿದೆ, ಇಂಥ ಅಂಶ ಹೇಳಬಹುದು, ಇದಕ್ಕೆ ಈ ಕಾರಣಕ್ಕೆ ಕಷ್ಟ ಇದೆ. ಓದೋಕೆ ಬರದವನಿಗೆ ಜೈಲಿನ ಪ್ಯಾರಾಲೀಗಲ್ ಓದಿ ಹೇಳಲಿ. ಹತ್ತು ಸಾಲು ಸಾಕು. ದಾಖಲೆ ಓದದವರು ಆ ಹತ್ತು ಸಾಲು ಬರೆಯೋಕಾಗಲ್ಲ, ಇಂಥ ಹಾಳೆಯ ಮಜಾ ಅದೇ. ಒಬ್ಬರು ವಕೀಲ ಮಿತ್ರರ ಹತ್ತಿರ ಇದನ್ನು ಹೇಳಿದಾಗ ನಕ್ಕು, ‘ಕೊಡೋ ಫೀಸಿಗೆ ಓದೋದೇ ಹೆಚ್ಚು, ಬರೀ ಬೇರೆ ಅಂತೀಯಲ್ಲ ಮಾರಾಯ’ ಅಂದರು. ಸರಿ, ಆ ಹಾಳೆಗೆ ಬೇರೆ ಫೀಸು ಕೊಡಲಿ.